ಗಾಳಿ ಬಂದಾಗ ತೂರಿಕೊಳ್ಳುವ ಅಂಕಣಗಳು

ಮ್ಯಾನ್‌ಹಟನ್‌ನಿಂದ ಬರುವ 7ನೇ ನಂಬರಿನ ರೈಲು ಮೆಟ್ಸ್-ವಿಲೆಟ್ಸ್ ಪಾಯಿಂಟ್ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ರೈಲು ಯಾರ್ಡಿನ ಮೇಲೆ ಹಾದು ಹೋಗುವ ಅಗಲವಾದ ಹಲಗೆ ಸೇತುವೆಯನ್ನು ದಾಟಿದರೆ ಯುಎಸ್ ಓಪನ್ ನಡೆಯುವ ಬಿಲ್ಲಿ ಜೀನ್ ಕಿಂಗ್ ರಾಷ್ಟ್ರೀಯ ಟೆನಿಸ್ ಕೇಂದ್ರ. ಇಲ್ಲಿನ ಗಾಳಿ ಮೊದಲು ಮುಖಕ್ಕೆ ರಾಚುವುದು ಆ ಸೇತುವೆಯ ಮೇಲೆಯೇ. ಉತ್ತರಕ್ಕೆ ಫ್ಲಷಿಂಗ್ ಕೊಲ್ಲಿ, ಅದರ ಅಂಚಿಗೆ ಲಗಾರ್ಡಿಯಾ ವಿಮಾನ ನಿಲ್ದಾಣ. ಬೇಸ್‌ಬಾಲ್ ಕ್ರೀಡಾಂಗಣವೊಂದನ್ನು ಬಿಟ್ಟರೆ ಗಾಳಿಗೆ ಅಡ್ಡ ನಿಲ್ಲುವಂಥದ್ದು ಹತ್ತಿರದಲ್ಲಿ ಹೆಚ್ಚೇನಿಲ್ಲ.

ನಾನು ಹೋದದ್ದು ಆಗಸ್ಟ್ ತಿಂಗಳ ಅರ್ಹತಾ ಸುತ್ತಿನ ವಾರದಲ್ಲಿ. ಆ ವಾರ ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಪುರುಷರಲ್ಲಿ 128, ಮಹಿಳೆಯರಲ್ಲಿ 128 ಮಂದಿ ಆಡುತ್ತಾರೆ; ಮೂರು ಪಂದ್ಯ ಗೆದ್ದ ತಲಾ 16 ಮಂದಿಗೆ ಮಾತ್ರ ಮುಖ್ಯ ಸುತ್ತಿನ ಬಾಗಿಲು ತೆರೆಯುತ್ತದೆ. ಗಾಳಿಯಲ್ಲಿ ಟೆನಿಸ್ ಆಡುವುದು ಹೇಗೆಂದು ಕಲಿಯಬೇಕಾದವರು ಮುಖ್ಯ ಪಂದ್ಯಾವಳಿಯ ದುಬಾರಿ ಟಿಕೆಟ್ಟಿಗಿಂತ ಈ ಬಿಟ್ಟಿ ವಾರಕ್ಕೇ ಬರುವುದು ಲೇಸು. ಕಾರಣ ಮುಂದೆ ಹೇಳುತ್ತೇನೆ.

ಸೇತುವೆಯಿಂದ ಬಂದವರ ಕಣ್ಣು ತುಂಬುವುದು ಆರ್ಥರ್ ಆ್ಯಶ್ ಕ್ರೀಡಾಂಗಣ. 1997ರಲ್ಲಿ ಶುರುವಾದ ಇದರಲ್ಲಿ 23,771 ಆಸನಗಳಿವೆ. (ಟೆನಿಸ್ ಅಂಕಣದ ಉದ್ದ 23.77 ಮೀಟರ್. ಕಾಕತಾಳೀಯವೇ ಇರಬೇಕು, ಆದರೂ ಕುರ್ಚಿ ಲೆಕ್ಕ ಹಾಕಿದವರು ಯಾರೋ ತುಂಟರಿರಬೇಕು ಅನ್ನಿಸದೆ ಇರದು.) ಮೊದಲ ಹದಿನೆಂಟು ವರ್ಷ ಇದು ಬಾಯ್ದೆರೆದ ದೊಡ್ಡ ಬೋಗುಣಿ. ಮೇಲಿನ ಅಂಚು ದಾಟಿ ಒಳಗೆ ಇಳಿದ ಗಾಳಿಗೆ ಹೊರಹೋಗುವ ದಾರಿ ಸಿಗದೆ ಅಲ್ಲೇ ಸುತ್ತು ಹಾಕುತ್ತಿತ್ತು. ತುದಿಯ ಬಾವುಟ ಒಂದು ದಿಕ್ಕಿಗೆ ಹಾರುತ್ತಿದ್ದರೆ ಕೆಳಗೆ ಚೆಂಡು ಇನ್ನೊಂದು ದಿಕ್ಕಿಗೆ ಜಾರುತ್ತಿತ್ತು.

2012ರ ಸೆಪ್ಟೆಂಬರ್ 8ರ ಸೆಮಿಫೈನಲ್ ಇದರ ಪರಮಾವಧಿ. ಅದೇ ದಿನ ಬೆಳಿಗ್ಗೆ ಕ್ವೀನ್ಸ್‌ನ ಕರಾವಳಿಯಲ್ಲಿ ಸುಂಟರಗಾಳಿ ಎದ್ದಿತ್ತು. ಇಲ್ಲಿ ಆ್ಯಂಡಿ ಮರ್ರೆ ಮತ್ತು ತೋಮಾಶ್ ಬೆರ್ಡಿಕ್ ಆಡುವಾಗ ಕುರ್ಚಿ ಕೂಡ ಗಾಳಿಗೆ ಅಂಕಣದೊಳಕ್ಕೆ ಜಾರಿ ಬಂತು. ಬೆರ್ಡಿಕ್ ಕ್ವಾರ್ಟರ್ ಫೈನಲ್‌ನಲ್ಲಿ ಫೆಡರರ್‌ನನ್ನು ಕೆಡವಿ ಬಂದವನು. ಸರ್ವ್ ಮಾಡುವಾಗ ಚೆಂಡನ್ನು ಬಹಳ ಎತ್ತರಕ್ಕೆ ಎಸೆಯುವವನು. ಶಾಂತ ಹವೆಯಲ್ಲಿ ಅದೇ ಅವನ ಬಲ. ಆ ದಿನ ಎಸೆದ ಚೆಂಡು ಎಲ್ಲಿಗೆ ಇಳಿಯುತ್ತದೆಂದು ಅವನಿಗೇ ಗೊತ್ತಾಗಲಿಲ್ಲ. ಸ್ಕಾಟ್ಲೆಂಡಿನ ಹವೆಯಲ್ಲಿ ಬೆಳೆದ ಮರ್ರೆ ಮೊದಲ ಸೆಟ್ ಕಳೆದುಕೊಂಡರೂ 5-7, 6-2, 6-1, 7-6ರಿಂದ ಗೆದ್ದ. ಎರಡು ದಿನದ ಬಳಿಕ, ಅದೂ ಗಾಳಿಯಲ್ಲೇ, ಜೊಕೊವಿಚ್ ಎದುರು 4 ಗಂಟೆ 54 ನಿಮಿಷ ಕಾದಾಡಿ ಪ್ರಶಸ್ತಿಯನ್ನೂ ಎತ್ತಿದ. 1936ರ ಫ್ರೆಡ್ ಪೆರ್ರಿ ನಂತರ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಬ್ರಿಟಿಷ್ ಪುರುಷ. ಮರುವರ್ಷದ ಮಹಿಳೆಯರ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಗಾಳಿಯ ಮೇಲೆ ಸಿಡುಕುತ್ತಲೇ ಅಜರೆಂಕಾಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದಳು.

ಈಗ ಆ ಗಾಳಿ ಇಲ್ಲ. 2015ರಲ್ಲಿ ಚಾವಣಿಯ ಚೌಕಟ್ಟು ಎದ್ದು ನಿಂತಾಗಲೇ ಒಳಗಿನ ಬಿರುಸು ತಗ್ಗಿತು, 2016ರಿಂದ ಚಾವಣಿ ಮುಚ್ಚಿಕೊಳ್ಳುವಂತೆಯೂ ಆಯಿತು. ಇಷ್ಟು ತಡವಾಗಿದ್ದಕ್ಕೆ ನೆಲವೂ ಒಂದು ಕಾರಣ. ಈ ಜಾಗ ಹಿಂದೆ ನಗರದ ಬೂದಿ ಸುರಿಯುವ ತಿಪ್ಪೆ. ಫಿಟ್ಸ್‌ಜೆರಾಲ್ಡ್‌ನ 'ದಿ ಗ್ರೇಟ್ ಗ್ಯಾಟ್ಸ್‌ಬಿ'ಯ ಬೂದಿ ಕಣಿವೆ ಇದೇ. ಮೆದು ನೆಲದ ಮೇಲಿನ ಹಳೆಯ ಕಟ್ಟಡ ಚಾವಣಿಯ ಭಾರ ಹೊರಲಾರದೆಂದು ಹೊರಗಡೆ ಎಂಟು ಉಕ್ಕಿನ ಕಂಬಗಳನ್ನು ಬೇರೆಯಾಗಿ ನೆಟ್ಟು ಅವುಗಳ ಮೇಲೆ ಚಾವಣಿ ಹೊದಿಸಿದ್ದಾರೆ. ಕೊಡಗಿನ ರೋಹನ್ ಬೋಪಣ್ಣ ಎರಡೂ ಕಾಲವನ್ನು ಕಂಡವರು: 2010ರ ಡಬಲ್ಸ್ ಫೈನಲ್ ಆಡಿದ್ದು ಬಯಲಿನ ಆ್ಯಶ್‌ನಲ್ಲಿ, 43ರ ವಯಸ್ಸಿನಲ್ಲಿ 2023ರ ಫೈನಲ್ ಆಡಿದ್ದು ಚಾವಣಿಯ ಆ್ಯಶ್‌ನಲ್ಲಿ. ಪ್ರಶಸ್ತಿ ಎರಡು ಸಲವೂ ಕೈತಪ್ಪಿತು.

ಪಕ್ಕದ ಲೂಯಿ ಆರ್ಮ್‌ಸ್ಟ್ರಾಂಗ್ 2018ರ ಕಟ್ಟಡ. ಇಲ್ಲಿ ಗಾಳಿಯನ್ನು ಪೂರ್ತಿ ಹೊರಗಿಟ್ಟಿಲ್ಲ. ಗೋಡೆಗೆ ಸುಟ್ಟ ಮಣ್ಣಿನ ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದು ಜೋಡಿಸಿದ್ದಾರೆ. ಚಾವಣಿ ಮುಚ್ಚಿದರೂ ಹವೆ ಆಡುತ್ತದೆ, ಮಳೆ ಒಳಬರುವುದಿಲ್ಲ. ಗ್ರ್ಯಾಂಡ್‌ಸ್ಟ್ಯಾಂಡ್ ಎಂಬ ಇನ್ನೊಂದು ಕ್ರೀಡಾಂಗಣ ನೋಡಲು ಚೆಂದ, ಆದರೆ ನನ್ನ ಕೆಲಸ ಅಲ್ಲಿರಲಿಲ್ಲ.

ಕೆಲಸವಿದ್ದದ್ದು ಅರ್ಹತಾ ಪಂದ್ಯಗಳು ನಡೆಯುತ್ತಿದ್ದ 4, 5, 6ನೇ ಅಂಕಣಗಳ ಬಳಿ. ಅವಕ್ಕೂ ಅಭ್ಯಾಸದ ಅಂಕಣಗಳಿಗೂ ನಡುವೆ ಎತ್ತರದ ಆಸನಗಳಿವೆ. ಕತ್ತು ತಿರುಗಿಸಿದರೆ ಒಂದು ಕಡೆ ಪಂದ್ಯ, ಇನ್ನೊಂದು ಕಡೆ ತಾಲೀಮು. ತಲೆಯ ಮೇಲೆ ಬರೀ ಆಕಾಶ; ಬಿಟ್ಟಿ ವಾರವೇ ಲೇಸು ಎಂದದ್ದು ಇದಕ್ಕೇ. ಆ ಮಧ್ಯಾಹ್ನ ಗಾಳಿ ಒಂದು ಬೇಸ್‌ಲೈನಿನಿಂದ ಇನ್ನೊಂದರ ಕಡೆಗೆ ನೇರವಾಗಿ ಬೀಸುತ್ತಿತ್ತು. 58 ಗ್ರಾಂ ಆಸುಪಾಸಿನ, ಮೈತುಂಬ ರೋಮವಿರುವ ಚೆಂಡಿಗೆ ಅಷ್ಟು ಸಾಕು.

ಗಾಳಿಗೆ ಬೆನ್ನು ಕೊಟ್ಟು ಆಡುತ್ತಿದ್ದ ಹುಡುಗಿಯ ಹೊಡೆತಗಳು ಒಂದರ ಹಿಂದೊಂದು ಗೆರೆ ದಾಟಿದವು. ಬಲ ಹೆಚ್ಚಾಯಿತೆಂದು ಅವಳು ಹೊಡೆತ ತಗ್ಗಿಸಿದಳು. ಆಗ ಚೆಂಡು ನೆಟ್ಟಿಗೆ ಬಿತ್ತು. ನೋಡುವವರಿಗೆ ಒಗಟು ಅನ್ನಿಸಬಹುದು, ವಿವರಣೆ ಸರಳವಿದೆ. ಟಾಪ್‌ಸ್ಪಿನ್ ಚೆಂಡನ್ನು ಕೆಳಗೆಳೆಯುವುದು ಅದರ ಸುತ್ತ ಹರಿಯುವ ಗಾಳಿ. ಬೆನ್ನ ಗಾಳಿಯಲ್ಲಿ ಚೆಂಡು ಹವೆಯ ಜೊತೆಗೇ ಓಡುವುದರಿಂದ ತಿರುಗು ಕಚ್ಚುವುದಿಲ್ಲ, ಚೆಂಡು ತೇಲುತ್ತಾ ಹೊರಗೆ ಹೋಗುತ್ತದೆ. ಎದುರು ಗಾಳಿಯಲ್ಲಿ ಅದೇ ತಿರುಗು ಎರಡರಷ್ಟು ಕಚ್ಚಿದಂತಾಗಿ ಚೆಂಡು ದಡಕ್ಕನೆ ಇಳಿಯುತ್ತದೆ. ಹಾಗಾಗಿ ಬೆನ್ನ ಗಾಳಿಯಲ್ಲಿ ಮಾಡಬೇಕಾದದ್ದು ಅಳುಕಿ ತಳ್ಳುವುದಲ್ಲ. ಇನ್ನಷ್ಟು ತಿರುಗು ಕೊಟ್ಟು ಗುರಿಯನ್ನು ಬೇಸ್‌ಲೈನಿಗಿಂತ ಒಳಕ್ಕೆ ತರುವುದು. ಎದುರು ಗಾಳಿಯಲ್ಲಿ ಮೈ ಬಿಟ್ಟು ಬಾರಿಸಬಹುದು, ಗಾಳಿಯೇ ತಡೆದು ನಿಲ್ಲಿಸುತ್ತದೆ. ಆ ಬದಿಯಲ್ಲಿ ಲಾಬ್ ಮತ್ತು ಡ್ರಾಪ್ ಶಾಟ್ ಕೂಡ ಕೈಗೆ ಬರುತ್ತವೆ. ಸ್ಲೈಸ್ ಮಾತ್ರ ಅಲ್ಲಿ ಮೇಲೆದ್ದು ತೇಲಿ ಎದುರಾಳಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ.

ಮೂರನೇ ಗೇಮ್ ಮುಗಿದು ಬದಿ ಬದಲಾದಾಗ ಅವಳ ಆಟವೂ ಬದಲಾಯಿತು. ಮೊದಲ ಎರಡು ಪಾಯಿಂಟ್ ಅಂದಾಜಿಗೆ ಹೋದವು, ಮೂರನೆಯದರಿಂದ ಕೈ ಕೂತಿತು. ಬೆಸ ಗೇಮ್‌ಗಳ ನಂತರ ಬದಿ ಬದಲಿಸುವ ನಿಯಮದಿಂದ ಗಾಳಿ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ಗೆಲ್ಲುವುದು ಬದಲಾದ ಕೂಡಲೇ ಲೆಕ್ಕ ತಿದ್ದಿಕೊಂಡವರು.

ಪಕ್ಕದ ಅಂಕಣದಲ್ಲಿ ಆರಡಿ ಮೀರಿದ ಆಟಗಾರನೊಬ್ಬ ಸರ್ವ್‌ಗೆಂದು ಎಸೆದ ಚೆಂಡನ್ನು ಮತ್ತೆ ಮತ್ತೆ ಕೈಯಲ್ಲೇ ಹಿಡಿಯುತ್ತಿದ್ದ. ಇದಕ್ಕೆ ದಂಡವಿಲ್ಲ. ರಾಕೆಟ್ ಬೀಸಿ ತಪ್ಪಿದರೆ ಮಾತ್ರ ಫಾಲ್ಟ್. ಆದರೆ 25 ಸೆಕೆಂಡಿನ ಗಡಿಯಾರ ಓಡುತ್ತಲೇ ಇರುತ್ತದೆ. ಕೊನೆಗೆ ಅವನು ಎಸೆತವನ್ನು ತಗ್ಗಿಸಿ, ವೇಗ ಬಿಟ್ಟು ಸರ್ವ್ ಮಾಡಿದ, ಗೇಮ್ ಉಳಿಯಿತು. ಕಾಲಿನ ಕೆಲಸವೂ ಅಷ್ಟೇ: ದಾಪುಗಾಲು ಹಾಕಿ ಬಂದು ನಿಂತವನ ಚೆಂಡು ಕೊನೆಯ ಗಳಿಗೆಯಲ್ಲಿ ಅರ್ಧ ಅಡಿ ಸರಿಯುತ್ತದೆ, ಪುಟ್ಟ ಹೆಜ್ಜೆ ಇಡುತ್ತಲೇ ಇರುವವನು ತಾನೂ ಸರಿಯುತ್ತಾನೆ. ಅಂದದ ಟೆನಿಸ್ ಅಲ್ಲ ಇದು. ಗೆರೆಗೆ ತಾಗುವ ಹೊಡೆತದ ಆಸೆ ಬಿಟ್ಟು ನಡುವೆ ಆಡುವ, ನಾಲ್ಕು ಚೆಂಡು ಹೆಚ್ಚಿಗೆ ಮರಳಿಸುವ ಜಿಪುಣರ ಟೆನಿಸ್. ನನಗೆ ಅದೇ ಹಿಡಿಸಿತು.

ಹೋಗುವವರಿಗೆ ಒಂದೆರಡು ಮಾತು. ಪಂದ್ಯ ನೋಡಲು ಬದಿಯ ಆಸನಕ್ಕಿಂತ ಬೇಸ್‌ಲೈನಿನ ಹಿಂದೆ ಕೂತರೆ ಚೆಂಡು ಗಾಳಿಗೆ ವಾಲುವುದು ಕಾಣುತ್ತದೆ. ಪಂದ್ಯಾವಳಿ ಇಲ್ಲದ ದಿನಗಳಲ್ಲಿ ಇಲ್ಲಿನ ಅಂಕಣಗಳನ್ನು ಸಾರ್ವಜನಿಕರೂ ಬಾಡಿಗೆಗೆ ಪಡೆಯಬಹುದು, ರಾಕೆಟ್ ಒಯ್ಯಿರಿ. ಹಸಿವಾದರೆ ಒಳಗಿನ ಬೆಲೆಗೆ ಬೆಚ್ಚುವ ಬದಲು ಅದೇ ರೈಲಿನಲ್ಲಿ ಮುಂದಿನ ನಿಲ್ದಾಣಕ್ಕೆ ಹೋಗಿ, ಬೌನ್ ಸ್ಟ್ರೀಟಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿನ್ನಿ.