ನಿಮ್ಮ ಮುತ್ತಾತ ಯಾರು? – ಮನೆತನದ ದಾಖಲೆ ಹುಡುಕುವ ಬಗೆ



ನಿಮ್ಮ ತಾತನ ತಂದೆಯ ಹೆಸರೇನು? ಅವರಿಗೆ ಎಷ್ಟು ಮಂದಿ ಮಕ್ಕಳು? ಹೆಣ್ಣು ಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದರು? ಥಟ್ಟನೆ ಉತ್ತರ ಹೇಳಬಲ್ಲವರು ಕೆಲವರೇ. ಆದರೆ ಉಳುವ ಭೂಮಿ ಇನ್ನೂ ಆ ಹಿರಿಯರ ಹೆಸರಿನಲ್ಲಿಯೇ ಇರುವ ಮನೆಗಳು ಅನೇಕ. ತೀರಿಹೋದವರ ಹೆಸರಿನ ಪಹಣಿ ತೋರಿಸಿ ಸಾಲ ಪಡೆಯುವುದು ಕಷ್ಟ. ಖಾತೆ ಬದಲಾಗಬೇಕಾದರೆ ವಂಶವೃಕ್ಷ ಬೇಕು. ಅದಕ್ಕೆ ಹಿರಿಯರ ವಿವರವನ್ನು ಕಲೆಹಾಕುವ ಕ್ರಮ ಹೀಗಿದೆ.

1. ಮೊದಲು ಮನೆಯಲ್ಲಿ ಕೇಳಿರಿ. ಅಜ್ಜಿಯರಿಗೆ ಸಂಬಂಧಗಳ ನೆನಪು ಹೆಚ್ಚು. ವರ್ಷ ಗೊತ್ತಿಲ್ಲದಿದ್ದರೆ, ಯಾರ ಮದುವೆಗೆ ಮುಂಚೆ, ಯಾವ ಬರಗಾಲದಲ್ಲಿ ಎಂದು ಕೇಳಿರಿ. ಸುಗ್ಗಿಯ ನಂತರ ಎತ್ತನ್ನೇರಿ ಬಂದು ಮನೆತನದ ಪೀಳಿಗೆಗಳನ್ನು ಹೇಳಿ ಕಾಳು ಪಡೆಯುವ ಹೆಳವರನ್ನು ಹಿರಿಯರು ಬಲ್ಲರು. ನಿಮ್ಮ ಮನೆತನದ ಹೆಳವರು ಸಿಕ್ಕಿದರೆ ಅವರು ಹೇಳುವುದನ್ನು ಬರೆದುಕೊಳ್ಳಿರಿ. ಅದು ಸರ್ಕಾರಿ ದಾಖಲೆಯಲ್ಲ. ಆದರೆ ಹುಡುಕುವ ದಾರಿ ತೋರುತ್ತದೆ.

2. ಜಮೀನಿನ ದಾಖಲೆ ನೋಡಿರಿ. ಪಹಣಿಯಲ್ಲಿ ಹೆಸರಿನ ಪಕ್ಕದಲ್ಲಿ ಎಂ.ಆರ್. ನಂಬರು ಇರುತ್ತದೆ. ಆ ಮ್ಯುಟೇಶನ್ ಪ್ರತಿಯನ್ನು ತೆಗೆಸಿದರೆ ಭೂಮಿ ಯಾರಿಂದ ಯಾರಿಗೆ, ಕ್ರಯದಿಂದಲೋ ವಿಭಾಗದಿಂದಲೋ ಪೌತಿಯಿಂದಲೋ ಬಂತೆಂದು ತಿಳಿಯುತ್ತದೆ. ಹೀಗೆ ಒಂದೊಂದು ತಲೆಮಾರು ಹಿಂದಕ್ಕೆ ಹೋಗಬಹುದು. ಪಹಣಿಗಳು ಗಣಕಯಂತ್ರಕ್ಕೆ ಬಂದದ್ದು 2000ದ ಸುಮಾರಿಗೆ. ಅದಕ್ಕೂ ಹಿಂದಿನ ಕೈಬರಹದ ಪಹಣಿಗಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬಹುದು. ಹಳೆಯ ಕ್ರಯಪತ್ರ, ವಿಭಾಗಪತ್ರಗಳ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ.

3. ಜನನ ಮರಣ ದಾಖಲೆ ಹುಡುಕಿರಿ. 1969ರ ಕಾಯಿದೆಯಂತೆ ಇವುಗಳ ನೋಂದಣಿ ಕಡ್ಡಾಯ. ಸಾವು ನೋಂದಣಿಯಾಗದೆ ವರ್ಷ ಮೀರಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಓದಿದವರಾದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರೂ ಹುಟ್ಟಿದ ದಿನವೂ ಇರುತ್ತವೆ.

ಹೆಸರಿನಲ್ಲಿ ಮೋಸಹೋಗದಿರಿ. ತಾತನ ಹೆಸರನ್ನೇ ಮೊಮ್ಮಗನಿಗಿಡುವುದು ನಮ್ಮಲ್ಲಿ ವಾಡಿಕೆ. ಆದ್ದರಿಂದ ಹೆಸರೊಂದನ್ನೇ ನೋಡಿದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ. ದಾಖಲೆಯಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಯಾನೆ’ ಎಂದರೆ ಇನ್ನೊಂದು ಹೆಸರು. ತಂದೆಯ ಹೆಸರು ಮತ್ತು ಸರ್ವೆ ನಂಬರು ಎರಡೂ ತಾಳೆಯಾದರೆ ಮಾತ್ರ ನಂಬಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಮದುವೆಯಾಗಿ ಹೋದ ಅಕ್ಕತಂಗಿಯರ, ಸೋದರತ್ತೆಯರ ಹೆಸರು ಬಿಡಬೇಡಿರಿ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಹಕ್ಕುದಾರಳು. ಹೆಸರು ಮರೆಮಾಚಿದ ವಂಶವೃಕ್ಷ ಇಂದು ಸುಲಭವೆನಿಸಬಹುದು. ನಾಳೆ ಅದೇ ಮನೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಬಾಂಧವ್ಯವೂ ಕೆಡುತ್ತದೆ.

ವಿವರ ಕೂಡಿದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಸಲ್ಲಿಸಿರಿ.

ಕಾಗದ ಕಚೇರಿಯಲ್ಲಿ ಕಾದಿರುತ್ತದೆ. ಹಿರಿಯರ ನೆನಪು ಕಾಯುವುದಿಲ್ಲ. ಇಂದು ಸಂಜೆಯೇ ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಬಳಿ ಕುಳಿತುಕೊಳ್ಳಿರಿ.