ದೋಣಿಯನ್ನು ಕಟ್ಟುವ ಬಗೆ

ಬೀದರ ಜಿಲ್ಲೆಗೆ ಕಡಲಿಲ್ಲ. ಆದರೂ ದಡದಲ್ಲಿ ರಾತ್ರಿ ಕಳೆಯುವ ದೋಣಿಗಳು ಅಲ್ಲಿಯೂ ಉಂಟು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟನ್ನು ಕಟ್ಟಿದುದರಿಂದ ವಿಶಾಲವಾದ ಜಲಾಶಯವೊಂದು ನಿರ್ಮಾಣವಾಗಿದೆ. ಆ ನೀರನ್ನು ನಂಬಿ ಮೀನು ಹಿಡಿದು ಬಾಳುವ ಜನರಿದ್ದಾರೆ. ರೈತನಿಗೆ ಎತ್ತು ಹೇಗೋ ಅವರಿಗೆ ದೋಣಿ ಹಾಗೆ. ಸಂಜೆ ಕಟ್ಟಿಹೋದ ದೋಣಿ ಮುಂಜಾನೆ ಅಲ್ಲಿರದಿದ್ದರೆ ಅಂದಿನ ದುಡಿಮೆ ನಿಂತಂತೆಯೇ ಸರಿ.

ದೋಣಿಯನ್ನು ಗೂಟಕ್ಕೆ ಕಟ್ಟುವುದು ಎತ್ತನ್ನು ಕಟ್ಟಿದಷ್ಟೇ ಸುಲಭವೆಂದು ತೋರಬಹುದು. ಆದರೆ ಎತ್ತು ನಿಂತ ನೆಲ ಏರಿಳಿಯುವುದಿಲ್ಲ. ದೋಣಿ ನಿಂತ ನೀರು ಏರಿಳಿಯುತ್ತದೆ. ಕಾರಂಜಾ ನದಿಯು ತೆಲಂಗಾಣದ ಕಡೆಯಿಂದ ಹರಿದುಬರುತ್ತದೆ. ಮಳೆಗಾಲದಲ್ಲಿ ಭಾಲ್ಕಿಯ ಆಕಾಶ ತಿಳಿಯಾಗಿದ್ದರೂ ನದಿಯ ಮೇಲ್ಭಾಗದಲ್ಲಿ ದೊಡ್ಡ ಮಳೆಯಾದರೆ ಜಲಾಶಯದ ಮಟ್ಟ ಏರತೊಡಗುತ್ತದೆ. ಆಗ ನೀರಿನ ಅಂಚಿನಲ್ಲಿ ನೆಟ್ಟ ಗೂಟವು ಮುಳುಗಿ, ನೆನೆದ ಮಣ್ಣಿನಿಂದ ಕಿತ್ತುಬರಬಹುದು. ಗೂಟ ಗಟ್ಟಿಯಾಗಿದ್ದು ಹಗ್ಗ ಗಿಡ್ಡವಾಗಿದ್ದರೆ ಅಪಾಯ ಇನ್ನೊಂದು ಬಗೆಯದು. ದೋಣಿಯು ನೀರಿನೊಡನೆ ಮೇಲೇರಲಾರದೆ, ಅದರ ಮುಂತುದಿ ಕೆಳಕ್ಕೆ ಜಗ್ಗಿ, ಅಲೆಗಳು ಒಳನುಗ್ಗುತ್ತವೆ. ಆದ್ದರಿಂದ ಗೂಟವನ್ನು ದಡದ ಎತ್ತರದ ನೆಲದಲ್ಲಿ ನೆಟ್ಟು, ಹಗ್ಗವನ್ನು ಸಾಕಷ್ಟು ಸಡಿಲ ಬಿಡಬೇಕು.

ಜಲಾಶಯದಲ್ಲಿ ಎಂದೋ ಒಮ್ಮೆ ಕಾಣುವ ಈ ಏರಿಕೆ ಕಡಲತೀರದಲ್ಲಿ ನಿತ್ಯದ ಸಂಗತಿ. ಚಂದ್ರ ಸೂರ್ಯರ ಸೆಳೆತದಿಂದ ಕಾರವಾರ, ಮಲ್ಪೆ, ಮಂಗಳೂರುಗಳ ತೀರದಲ್ಲಿ ಸುಮಾರು 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ಎರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಉಂಟಾಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಇನ್ನೂ ಮೇಲಕ್ಕೆ ಬರುತ್ತದೆ. ಹಿಂದಿನ ಉಬ್ಬರವು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಮರಳಿನ ಮೇಲೆ ಉಳಿದ ಕಸಕಡ್ಡಿಗಳ ಸಾಲೇ ಹೇಳುತ್ತದೆ. ಸಣ್ಣ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿ, ಆ ಸಾಲಿಗಿಂತ ಬಹಳ ಮೇಲಕ್ಕೆ ಎಳೆದು ಕಟ್ಟುವುದು ಎಲ್ಲಕ್ಕಿಂತ ಕ್ಷೇಮ.

ಎಳೆಯಲಾಗದ ದೋಣಿಗೆ ಲಂಗರೇ ಆಧಾರ. ಲಂಗರು ಹಿಡಿಯುವುದು ತನ್ನ ಭಾರದಿಂದ ಮಾತ್ರವಲ್ಲ, ಅದರ ಕೊಕ್ಕೆಗಳು ತಳದ ಮರಳಿನಲ್ಲಿ ಹೂತುಕೊಳ್ಳುವುದರಿಂದ. ಹಗ್ಗ ಗಿಡ್ಡವಾದರೆ ಎಳೆತವು ಮೇಲ್ಮುಖವಾಗಿ ಕೊಕ್ಕೆ ಕಿತ್ತುಬರುತ್ತದೆ. ಉದ್ದವಾದರೆ ಎಳೆತವು ನೆಲಕ್ಕೆ ಓರೆಯಾಗಿ ಕೊಕ್ಕೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಉಬ್ಬರದ ವೇಳೆಯ ಆಳ 2 ಮೀಟರ್ ಆಗಿದ್ದರೆ, ಅದರ ಐದು ಪಟ್ಟು, ಎಂದರೆ 10 ಮೀಟರ್ ಹಗ್ಗವಾದರೂ ಬೇಕು. ಗಾಳಿ ಬಲವಾಗಿದ್ದರೆ ಇನ್ನೂ ಹೆಚ್ಚು. ಹಗ್ಗವನ್ನು ಮುಂತುದಿಗೇ ಕಟ್ಟಬೇಕು. ಆಗ ದೋಣಿಯು ಅಲೆಗಳಿಗೆ ಎದುರಾಗಿ ನಿಂತು, ಅವುಗಳನ್ನು ಸೀಳುತ್ತದೆ. ಹಿಂಬದಿಗೆ ಕಟ್ಟಿದರೆ ಅಲೆಗಳು ಒಳಗೆ ಸುರಿಯುತ್ತವೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಮ್ಮೊಮ್ಮೆ ದೋಣಿ ಕಳಚಿಕೊಂಡು ತೇಲಿಹೋಗುವುದುಂಟು. ಕತ್ತಲಲ್ಲಿ ಅದರ ಹಿಂದೆ ಈಜುತ್ತ ಹೋಗುವುದು ಸಾಹಸವಲ್ಲ, ಅವಿವೇಕ. ಗಾಳಿಯು ಬರಿದಾದ ದೋಣಿಯನ್ನು ಈಜುಗಾರನಿಗಿಂತ ವೇಗವಾಗಿ ಒಯ್ಯಬಲ್ಲದು. ಹೋದ ದೋಣಿಯ ಬದಲಿಗೆ ಬೇರೊಂದನ್ನು ಮಾಡಿಸಬಹುದು. ಹೋದ ಜೀವ ಮರಳಿ ಬಾರದು. ಸಂಜೆ ಹಗ್ಗ ಕಟ್ಟುವಾಗ ಕಣ್ಣಿಗೆ ಕಾಣುವ ನೀರನ್ನಷ್ಟೇ ಅಲ್ಲದೆ ನಡುರಾತ್ರಿ ಬರಬಹುದಾದ ನೀರನ್ನೂ ಲೆಕ್ಕಕ್ಕೆ ತೆಗೆದುಕೊಂಡವನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು.