ಸೈಕಲ್ ರಿಪೇರಿ ನಮ್ಮ ಕೈಯಲ್ಲೇ

ನಿಮ್ಮ ಮನೆಯಲ್ಲಿ ಸೈಕಲ್ ಇದೆಯೇ? ಇದ್ದರೆ ಈಗ ಎಲ್ಲಿದೆ? ಬಾಗಿಲ ಮುಂದೆ ನಿಂತಿದೆಯೇ? ಇಲ್ಲಾ, ಕೊಟ್ಟಿಗೆಯ ಮೂಲೆಯಲ್ಲಿ ಒರಗಿಕೊಂಡಿದೆಯೇ?

ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಎಷ್ಟೋ ಮನೆಗಳಿಗೆ ಆಗಲೇ ಮೊದಲ ಸಲ ಸೈಕಲ್ ಬಂತು. ಹೆಣ್ಣುಮಕ್ಕಳು ದೂರದ ಹೈಸ್ಕೂಲಿಗೆ ಸೈಕಲ್ ತುಳಿದುಕೊಂಡು ಹೋದರು. ಎಲ್ಲಾ ಸರಿ. ಆದರೆ ಒಂದು ದಿನ ಚಕ್ರದ ಗಾಳಿ ಹೋಗುತ್ತದೆ. ಸೈಕಲ್ ಅಂಗಡಿ ಇರುವುದು ನಾಲ್ಕು ಮೈಲಿ ಆಚೆ. ಅಪ್ಪನಿಗೆ ಪುರುಸೊತ್ತಿಲ್ಲ. ಅಣ್ಣ "ನಾಳೆ ನೋಡೋಣ" ಅಂತಾನೆ. ಹುಡುಗಿ ಎರಡು ದಿನ ನಡೆದು ಹೋಗುತ್ತಾಳೆ. ಮೂರನೆಯ ದಿನ ಮನೆಯಲ್ಲೇ ಉಳಿಯುತ್ತಾಳೆ. ಸೈಕಲ್ ಕೊಟ್ಟಿಗೆ ಸೇರುತ್ತದೆ. ಇಷ್ಟಕ್ಕೆಲ್ಲ ಕಾರಣ ಏನು? ಒಂದು ನೆಗ್ಗಿಲು ಮುಳ್ಳು!

ಆ ಮುಳ್ಳನ್ನು ನೀವೇ ತೆಗೆಯಬಹುದು. ಪಂಕ್ಚರ್ ನೀವೇ ಹಾಕಬಹುದು.

"ರಿಪೇರಿ ಗಂಡಸರ ಕೆಲಸ" ಅನ್ನುವವರು ಇದ್ದಾರೆ. ಕುಕ್ಕರಿನ ರಬ್ಬರು ಬದಲಿಸುವವರು ಯಾರು? ಸ್ಟೌವಿನ ಬತ್ತಿ ಏರಿಸುವವರು ಯಾರು? ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವರು ಯಾರು? ನಾವೇ ತಾನೆ! ಸೈಕಲ್ಲು ಅದಕ್ಕಿಂತ ಸುಲಭ. ಅದರಲ್ಲಿ ಎಲ್ಲವೂ ಹೊರಗೇ ಕಾಣುತ್ತದೆ. ಮುಚ್ಚುಮರೆ ಇಲ್ಲ.

ತಮಿಳುನಾಡಿನಲ್ಲಿ ಪುದುಕೋಟೆ ಅಂತ ಒಂದು ಜಿಲ್ಲೆ ಇದೆ. ಅಲ್ಲಿ 1991-92ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಎಂಬುವರು ಜಿಲ್ಲಾಧಿಕಾರಿ ಆಗಿದ್ದರು. ಅಲ್ಲಿ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ ಹೊಡೆಯುವುದನ್ನೂ ಕಲಿಸಿದರು. ಹೊಲದ ಕೂಲಿಗೆ ಹೋಗುವವರು, ಕಲ್ಲು ಒಡೆಯುವವರು, ಸಾವಿರಾರು ಜನ ಕಲಿತರು. ಆಡಿಕೊಂಡವರೂ ಇದ್ದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಲೇಡೀಸ್ ಸೈಕಲ್ ಸಾಲದೇ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಅದೇ ಒಳ್ಳೆಯದು ಅಂದವರೂ ಉಂಟು. ಯಾಕೆ ಗೊತ್ತೇ? ಮುಂದಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು!

ಈಗ ಕೆಲಸಕ್ಕೆ ಬರೋಣ. ಮೊದಲು ಸಾಮಾನು ಬೇಕು. ಗಾಳಿ ಹೊಡೆಯುವ ಪಂಪು, ಹಲವು ತೂತಿರುವ ಸೈಕಲ್ ಪಾನ, ಸ್ಕ್ರೂಡ್ರೈವರ್, ಟೈರ್ ಎಬ್ಬಿಸುವ ಎರಡು ಪಟ್ಟಿ, ಸೊಲ್ಯೂಷನ್ ಟ್ಯೂಬು, ಒಂದು ಚೂರು ಉಪ್ಪುಕಾಗದ. ಉಪ್ಪುಕಾಗದ ಅಂದರೆ ಬಡಗಿಗಳು ಮರ ಉಜ್ಜುತ್ತಾರಲ್ಲ, ಆ ಒರಟು ಕಾಗದ. ಒಂದೊಂದು ಮನೆಗೂ ಇಷ್ಟೆಲ್ಲ ಬೇಕಿಲ್ಲ. ಮಹಿಳಾ ಸಂಘದವರು ಸೇರಿ ಒಂದು ಸೆಟ್ಟು ಕೊಂಡರೆ ಸಾಕು.

ಗಾಳಿ ಹೋದ ಕೂಡಲೇ ಪಂಕ್ಚರ್ ಅಂತ ತಿಳಿಯಬೇಡಿ. ಮೊದಲು ವಾಲ್ವ್ ನೋಡಿ. ಗಾಳಿ ಹೊಡೆಯುವ ಜಾಗಕ್ಕೆ ವಾಲ್ವ್ ಅಂತ ಹೆಸರು. ಗಾಳಿ ಹೊಡೆದು, ಅದರ ಮೇಲೆ ಎರಡು ಹನಿ ನೀರು ಹಾಕಿ. ಗುಳ್ಳೆ ಬಂದರೆ ಗಾಳಿ ಅಲ್ಲೇ ಸೋರುತ್ತಿದೆ. ಮೇಲಿನ ನಟ್ಟು ಬಿಚ್ಚಿ. ಒಳಗಿಂದ ಕಡ್ಡಿಯಂಥ ಒಂದು ತುಂಡು ಬರುತ್ತದೆ. ಅದರ ಮೇಲೆ ತೆಳ್ಳಗಿನ ರಬ್ಬರು ಕೊಳವೆ ಇರುತ್ತದೆ. ಇದಕ್ಕೆ ವಾಲ್‌ಟ್ಯೂಬ್ ಅನ್ನುತ್ತಾರೆ. ಅದು ಹರಿದಿದ್ದರೆ, ಅಂಟಂಟಾಗಿದ್ದರೆ, ಕಿತ್ತು ಹೊಸದು ಹಾಕಿ. ಹೊಸದನ್ನು ನೀರಿನಲ್ಲಿ ಒದ್ದೆ ಮಾಡಿದರೆ ಸಲೀಸಾಗಿ ಏರುತ್ತದೆ. ಕಡ್ಡಿಯ ಪಕ್ಕದಲ್ಲಿ ಸಣ್ಣ ತೂತು ಇದೆ. ಆ ತೂತು ಪೂರ್ತಿ ಮುಚ್ಚಬೇಕು. ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ. ಕೆಲವು ಸೈಕಲ್ಲುಗಳಿಗೆ ಮೋಟರ್ ಬೈಕಿನಂಥ ವಾಲ್ವ್ ಇರುತ್ತದೆ. ಅದರಲ್ಲಿ ಈ ರಬ್ಬರು ಇರುವುದಿಲ್ಲ.

ವಾಲ್ವ್ ಸರಿ ಇದ್ದರೆ ಪಂಕ್ಚರ್ ಆಗಿದೆ ಅಂತ ಅರ್ಥ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಚಕ್ರ ಬಿಚ್ಚುವುದು ಬೇಡ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಟೈರ್ ನೋಡಿ. ಮುಳ್ಳು, ಮೊಳೆ, ಗಾಜು ಕಂಡರೆ ಅಲ್ಲೇ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಕೀಳಿ. ಗುರುತು ಹಾಕದೆ ಕಿತ್ತರೆ ತೂತು ಹುಡುಕಲು ಹೊತ್ತು ಹಿಡಿಯುತ್ತದೆ.

ಉಳಿದ ಗಾಳಿ ಬಿಟ್ಟುಬಿಡಿ. ಟೈರ್ ಮತ್ತು ಕಬ್ಬಿಣದ ಬಳೆಯ ನಡುವೆ ಪಟ್ಟಿ ತೂರಿಸಿ, ಟೈರಿನ ಅಂಚು ಎಬ್ಬಿಸಿ. ಅಲ್ಲಿಂದ ಒಂದು ಗೇಣು ಆಚೆ ಎರಡನೆಯ ಪಟ್ಟಿ ಹಾಕಿ. ಪಟ್ಟಿ ಇಲ್ಲದಿದ್ದರೆ ಗಟ್ಟಿ ಚಮಚದ ಹಿಡಿ ಆಗುತ್ತದೆ. ಚೂಪಾದದ್ದು ಮಾತ್ರ ಬೇಡವೇ ಬೇಡ. ಒಂದು ಬದಿಯ ಅಂಚು ಪೂರ್ತಿ ಹೊರಗೆ ಬಂದ ಮೇಲೆ ಟ್ಯೂಬನ್ನು ಮೆಲ್ಲಗೆ ಎಳೆಯಿರಿ. ಕೊನೆಗೆ ವಾಲ್ವ್ ಬಿಡಿಸಿ.

ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆಯಿರಿ. ಬೋಗುಣಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತಾ ಹೋಗಿ. ಗುಳ್ಳೆ ಎದ್ದಲ್ಲಿ ತೂತು. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ. ಪೂರ್ತಿ ಸುತ್ತು ನೋಡಿ. ನೆಗ್ಗಿಲು ಮುಳ್ಳು ಒಂದೇ ಕಡೆ ಚುಚ್ಚಿ ಸುಮ್ಮನಿರುವ ಜಾತಿಯಲ್ಲ. ಗುರುತು ಹಾಕಿ, ಗಾಳಿ ಬಿಟ್ಟು, ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿ. ಆಮೇಲೆ ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ. ಹೊಳಪು ಹೋಗಿ ಮಂಕಾಗಬೇಕು.

ಇನ್ನು ತೇಪೆ. ಅಂಗಡಿಯಲ್ಲಿ ತೇಪೆ ಸಿಗುತ್ತದೆ. ಹಳೆಯ ಟ್ಯೂಬಿನ ಚೂರೂ ಆಗುತ್ತದೆ. ಗುಂಡಗೆ ಕತ್ತರಿಸಿ. ಮೂಲೆ ಇದ್ದರೆ ಮೂಲೆಯೇ ಮೊದಲು ಏಳುತ್ತದೆ. ಹಳೆಯ ಟ್ಯೂಬಿನ ಚೂರಾದರೆ ಅದನ್ನೂ ಉಜ್ಜಿ, ಅದಕ್ಕೂ ಸೊಲ್ಯೂಷನ್ ಹಚ್ಚಿ. ಟ್ಯೂಬಿಗೂ ತೆಳ್ಳಗೆ ಹಚ್ಚಿ.

ಈಗ ಕಾಯಬೇಕು. ಹೆಚ್ಚಿನ ತೇಪೆ ಕೆಡುವುದು ಇಲ್ಲೇ. ಒದ್ದೆ ಇರುವಾಗಲೇ ಅಂಟಿಸಿದರೆ ಅದು ಹಿಡಿಯುವುದಿಲ್ಲ. ಸುಮಾರು ಐದು ನಿಮಿಷ ಬಿಡಿ. ಬೆರಳು ಮುಟ್ಟಿಸಿದರೆ ದ್ರವ ಬೆರಳಿಗೆ ಬರಬಾರದು. ಆಗ ತೇಪೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ. ಮೇಲೆ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿಸಿದರೆ ಅದು ಟೈರಿಗೆ ಅಂಟುವುದಿಲ್ಲ.

ಟ್ಯೂಬ್ ಒಳಗೆ ಹಾಕುವ ಮೊದಲು ಟೈರಿನ ಒಳಗಡೆ ಬಟ್ಟೆಯಿಂದ ಸುತ್ತಲೂ ಸವರಿ. ಮುಳ್ಳಿನ ತುದಿ ಉಳಿದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆ ತುದಿ ಉಳಿದರೆ ಸಂಜೆಗೆ ಮತ್ತೆ ಪಂಕ್ಚರ್. ಆಮೇಲೆ ವಾಲ್ವನ್ನು ಅದರ ತೂತಿಗೆ ಕೂರಿಸಿ, ಟ್ಯೂಬ್ ಒಳಗೆ ಸೇರಿಸಿ, ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಇಲ್ಲಿ ಪಟ್ಟಿ ಹಾಕಿದರೆ ಟ್ಯೂಬನ್ನು ಚಿವುಟಿ ಹೊಸ ತೂತು ಮಾಡುತ್ತದೆ. ಸ್ವಲ್ಪ ಗಾಳಿ ಹೊಡೆದು, ಟ್ಯೂಬ್ ಎಲ್ಲೂ ಇಣುಕುತ್ತಿಲ್ಲ ಅಂತ ನೋಡಿ ಪೂರ್ತಿ ಗಾಳಿ ತುಂಬಿ.

ಮೊದಲ ಸಲ ಒಂದು ಗಂಟೆ ಹಿಡಿಯಬಹುದು. ನಾಲ್ಕನೆಯ ಸಲಕ್ಕೆ ಅನ್ನ ಬೇಯುವಷ್ಟರಲ್ಲಿ ಆಗುತ್ತದೆ.

ಚೈನು ಕಿರ್ ಕಿರ್ ಅಂದರೆ ಅದಕ್ಕೆ ಎಣ್ಣೆ ಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಚೈನಿನ ಕೊಳೆ ತೆಗೆಯಿರಿ. ಒಲೆ, ಬೀಡಿ, ಬೆಂಕಿ ಯಾವುದೂ ಹತ್ತಿರ ಇರಬಾರದು. ಒರೆಸಿ ಒಣಗಿದ ಮೇಲೆ ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಆಗುತ್ತದೆ. ಅಡುಗೆ ಎಣ್ಣೆ ಬೇಡ, ಕೊಬ್ಬರಿ ಎಣ್ಣೆಯೂ ಬೇಡ. ಅವು ಜಿಡ್ಡಾಗಿ ಧೂಳು ಹಿಡಿಯುತ್ತವೆ. ಹೆಚ್ಚಾದ ಎಣ್ಣೆ ಒರೆಸಿಬಿಡಿ. ಪೆಡಲ್ ತಿರುಗಿಸುವಾಗ ಬೆರಳು ಚೈನಿನ ಹತ್ತಿರ ಬೇಡ. ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳನ್ನು ದೂರ ಕೂರಿಸಿ.

ಚೈನು ಪದೇ ಪದೇ ಕಳಚುತ್ತದೆಯೇ? ಹಾಗಾದರೆ ಸಡಿಲವಾಗಿದೆ. ನಡುವೆ ಮೇಲೆ ಕೆಳಗೆ ಆಡಿಸಿ ನೋಡಿ. ಅರ್ಧ ಇಂಚಿನಷ್ಟು ಆಡಿದರೆ ಸರಿ. ಹೆಚ್ಚು ಆಡಿದರೆ ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ಎರಡೂ ಬದಿಗೆ ಸಮವಾಗಿ ಹಿಂದಕ್ಕೆ ಎಳೆದು ಮತ್ತೆ ಬಿಗಿ ಮಾಡಿ. ಚಕ್ರ ನಟ್ಟನಡುವೆ ನಿಂತಿರಬೇಕು.

ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಸೈಕಲ್ಲಿನಲ್ಲಿ ಎಡ ಪೆಡಲ್ ಮಾತ್ರ ಹಟಮಾರಿ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದಾರೆ. ಅಮೆರಿಕದ ರೈಟ್ ಅಣ್ಣತಮ್ಮಂದಿರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಅವರೇ 1903ರಲ್ಲಿ ವಿಮಾನ ಹಾರಿಸಿದರು. ಆ ವಿಮಾನದಲ್ಲೂ ಸೈಕಲ್ಲಿನ ಹಾಗೆ ಚೈನು ಇತ್ತು!

ಬ್ರೇಕಿನ ವಿಷಯದಲ್ಲಿ ಉದಾಸೀನ ಬೇಡ. ಇಳಿಜಾರಿನಲ್ಲಿ ಮಗಳ ಜೀವ ಅದರ ಮೇಲಿದೆ. ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ದೂಡಿ ನೋಡಿ. ಚಕ್ರ ತಿರುಗಬಾರದು. ಬ್ರೇಕಿನ ರಬ್ಬರು ಕಬ್ಬಿಣದ ಬಳೆಗೆ ತಾಗಬೇಕು, ಟೈರಿಗೆ ತಾಗಬಾರದು. ರಬ್ಬರಿನ ಮೇಲಿನ ಗೆರೆಗಳು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿ. ಬ್ರೇಕ್ ಹಿಡಿ ಹ್ಯಾಂಡಲ್ಲಿಗೇ ಬಂದು ತಾಗಿದರೆ ತಂತಿ ಸಡಿಲವಾಗಿದೆ. ತಂತಿಯ ತುದಿಯ ಸ್ಕ್ರೂ ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಳೆಗೆ, ಬ್ರೇಕ್ ರಬ್ಬರಿಗೆ ಎಣ್ಣೆ ಮಾತ್ರ ತಾಗಬಾರದು. ತಾಗಿದರೆ ಬ್ರೇಕ್ ಜಾರುತ್ತದೆ.

ಕೆಲವು ಸಣ್ಣ ಅನುಕೂಲಗಳನ್ನೂ ನೀವೇ ಮಾಡಿಕೊಳ್ಳಬಹುದು. ಹುಡುಗಿ ಬೆಳೆಯುತ್ತಾಳೆ, ಸೀಟು ಮಾತ್ರ ಎಂಟನೇ ತರಗತಿಯ ಎತ್ತರದಲ್ಲೇ ಇರುತ್ತದೆ. ಮೊಣಕಾಲು ನೋವು ಅಂತಾಳೆ. ಸೀಟಿನ ಕೆಳಗಿನ ಬೋಲ್ಟು ಸಡಿಲಿಸಿ ಎತ್ತರಿಸಿ. ಕೂತಾಗ ಕಾಲಿನ ಮುಂಗಾಲು ನೆಲಕ್ಕೆ ತಾಗಿದರೆ ಸರಿ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇದ್ದರೆ ಅದು ಹೊರಗೆ ಕಾಣಬಾರದು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಹಾಕಿ. ಮಬ್ಬುಗತ್ತಲಲ್ಲಿ ಲಾರಿಯವರಿಗೆ ಅದು ಹೊಳೆದು ಕಾಣುತ್ತದೆ. ಹಿಂದಿನ ಚಕ್ರಕ್ಕೆ ಜಾಲರಿ ಹಾಕಿದರೆ ಸೀರೆ, ದುಪಟ್ಟಾ ಸಿಕ್ಕಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಬುಟ್ಟಿಗಿಂತ ಮೊದಲು ಇವೆರಡನ್ನು ಹಾಕಿಸಿ.

ಟೈರ್, ಟ್ಯೂಬ್ ಕೊಳ್ಳಲು ಹೋಗುವ ಮುಂಚೆ ಹಳೆಯ ಟೈರಿನ ಬದಿಯಲ್ಲಿರುವ ಅಂಕಿ ಓದಿ. 26, 28 ಅಂತ ಏನಾದರೂ ಬರೆದಿರುತ್ತದೆ. ಅದರ ಮುಂದೆ ಇನ್ನೊಂದು ಸಣ್ಣ ಅಂಕಿ ಇರುತ್ತದೆ. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವನು ಕೊಟ್ಟ ಟೈರಿನ ಮೇಲೆಯೂ ಅದೇ ಅಂಕಿ ಇದೆಯೇ ಅಂತ ಅಲ್ಲೇ ಓದಿ ನೋಡಿ, ಆಮೇಲೆ ದುಡ್ಡು ಕೊಡಿ.

ಚಕ್ರ ಅಂಕುಡೊಂಕಾಗಿದ್ದರೆ, ಕಡ್ಡಿಗಳು ಮುರಿದಿದ್ದರೆ, ಫ್ರೇಮು ಬಿರುಕು ಬಿಟ್ಟಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅಂಗಡಿಗೇ ಒಯ್ಯಿರಿ. ಅಲ್ಲಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತು ನೋಡಿ. ಯಾವುದನ್ನು ಮೊದಲು ಬಿಚ್ಚಿದ, ಯಾವುದನ್ನು ಕೊನೆಗೆ ಹಾಕಿದ, ಕೇಳಿ ತಿಳಿದುಕೊಳ್ಳಿ. ಬಿಚ್ಚಿದ ಹಳೆಯ ಸಾಮಾನನ್ನೂ ಕೇಳಿ ತನ್ನಿ.